ತಪಶೀಲಿನೊಳಗೆ ಸಿಕ್ಕ ಅರಬಿ

ವಿಜಯಪುರದ ಕೋರ್ಟಿನ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು, ಹೊರಗೆ ಕೂರಲು ಒಂದು ಬೆಂಚು. ಖರೀದಿ ಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ಕರಾರು ಪತ್ರ, ವಾರಸಾ ಅರ್ಜಿ. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಇದೇ ಟೈಪಿಂಗು. ಹದಿನೈದು ವರ್ಷವಾಯಿತು. 'ಯಾವುದೇ ತಂಟೆ ತಕರಾರು ಇಲ್ಲದೆ ಸ್ವಖುಷಿಯಿಂದ ಕಬೂಲಾಗಿ' ಅನ್ನುವ ಸಾಲನ್ನು ನಾನು ನಿದ್ದೆಯಲ್ಲೂ ಹೊಡೆಯಬಲ್ಲೆ.

ಅರಬಿ ಕಲಿಯುವ ಆಸೆ ಹತ್ತಿದ್ದು ತಮ್ಮನಿಂದ. ಅವನು ರಿಯಾದ್‌ನಲ್ಲಿ ಎಲೆಕ್ಟ್ರಿಷಿಯನ್. ಹೋದ ಹೊಸದರಲ್ಲಿ ಕಂಡಕಂಡ ಬೋರ್ಡಿನ ಫೋಟೋ ಕಳಿಸುತ್ತಿದ್ದ. 'ಅಕ್ಕಾ, ನೀ ಓದಾಕಿ ಅಲ್ಲಾ, ಹೇಳು ನೋಡೂಣು' ಅಂತ ಕೆಣಕುತ್ತಿದ್ದ. ನನಗೂ ಹಟ. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಅಕ್ಷರಗಳು ಎರಡು ತಿಂಗಳಲ್ಲಿ ಬಂದವು. ಪದಗಳು ಬರಲಿಲ್ಲ. ದಿನಕ್ಕೆ ಹತ್ತು ಪದ ನೋಟ್‌ಬುಕ್ಕಿನಲ್ಲಿ ಬರೆಯುವುದು, ರಾತ್ರಿ ಬಾಯಿಪಾಠ ಮಾಡುವುದು, ಬೆಳಗ್ಗೆ ರೊಟ್ಟಿ ಬಡಿಯುವಾಗ ನೆನಪಿಸಿಕೊಳ್ಳುವುದು. ಹತ್ತರಲ್ಲಿ ಎರಡು ಉಳಿದರೆ ಪುಣ್ಯ. ಸೇಬಿಗೆ ತುಫ್ಫಾಹ್, ಬಾಗಿಲಿಗೆ ಬಾಬ್, ಕುರ್ಚಿಗೆ ಕುರ್ಸೀ. ಕುರ್ಸೀ ಮಾತ್ರ ಮರೆಯಲೇ ಇಲ್ಲ. ಯಾಕೆ ಮರೆಯಲಿಲ್ಲ ಅಂತ ಆಗ ಯೋಚನೆ ಮಾಡಿದ್ದರೆ ಆರು ತಿಂಗಳು ಉಳಿಯುತ್ತಿತ್ತು.

ಒಂದು ದಿನ ನಿವೃತ್ತ ಮಾಸ್ತರ್ರೊಬ್ಬರು ಅಣ್ಣತಮ್ಮಂದಿರ ವಾಟ್ನಿ ಪತ್ರ ಮಾಡಿಸಲು ಬಂದರು. ಹೈಸ್ಕೂಲಿನಲ್ಲಿ ಉರ್ದು, ಅರಬಿ ಕಲಿಸಿದವರು. ಪ್ರೂಫ್ ತಿದ್ದಲು ಪ್ರಿಂಟ್ ಕೊಟ್ಟೆ. ಬೆಂಚಿನ ಮೇಲೆ ಕೂತು ಪೆನ್ನಿನಿಂದ ಒಂದೊಂದೇ ಪದಕ್ಕೆ ಗೆರೆ ಎಳೆಯತೊಡಗಿದರು. ತಪಶೀಲು, ಹಕ್ಕು, ವಾರಸದಾರ, ಮಾಲ್ಕಿ, ದಾಖಲೆ, ತಕರಾರು, ಕಬೂಲು. ನನಗೆ ಗಾಬರಿ.

'ಸರ್, ಇಷ್ಟ ತಪ್ಪ ಮಾಡೀನೇನು?'

'ತಪ್ಪಲ್ಲ ತಂಗಿ. ನಿನ್ನ ಟೇಬಲ್ ಮ್ಯಾಲೆ ಅರಬಿ ನೋಟ್‌ಬುಕ್ ಅದ ನೋಡು, ಅದರಾಗ ಇಲ್ಲದ್ದು ಇದರಾಗ ಅದ.'

ಆ ಒಂದು ಪುಟದಲ್ಲಿ ಹನ್ನೊಂದು ಗೆರೆ ಇದ್ದವು. ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಮುಂದಿನ ವಾರದಿಂದ ಪ್ರತಿ ಗುರುವಾರ ಸಂಜೆ ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋಗಲು ಶುರು ಮಾಡಿದೆ. ಫೀಸು ಕೇಳಿದರೆ, 'ನನ್ನ ಕಾಗದಪತ್ರ ಟೈಪ್ ಮಾಡಿಕೊಡು, ಸಾಕು' ಅಂದರು.

ಮೊದಲ ಪಾಠ ತಪಶೀಲೇ, ಪತ್ರದಲ್ಲಿ ಬಿಡಿಸಿ ಬರೆಯುವ ವಿವರ. ಅರಬಿಯಲ್ಲಿ ಹೆಚ್ಚಿನ ಪದಗಳ ಒಳಗೆ ಮೂರು ವ್ಯಂಜನಗಳ ಒಂದು ಬೇರು ಇರುತ್ತದೆ. ಆ ಮೂರರ ಸುತ್ತ ಸ್ವರ ಬದಲಿಸಿ, ಹಿಂದೆ ಮುಂದೆ ಒಂದೆರಡು ಅಕ್ಷರ ಸೇರಿಸಿ ಪದಗಳನ್ನು ಮಾಡುತ್ತಾರೆ. ತಪಶೀಲಿನ ಬೇರು ಫ-ಸ-ಲ. ಬೇರೆ ಮಾಡು, ತುಂಡು ಮಾಡು ಅಂತ ಅರ್ಥ. ಬಿಡಿಬಿಡಿಯಾಗಿ ಹೇಳಿದರೆ ತಫ್ಸೀಲ್, ಅದೇ ನಮ್ಮ ತಪಶೀಲು. ಇಬ್ಬರ ಜಗಳವನ್ನು ಬಿಡಿಸಿ ಹೇಳಿದ್ದು ಫೈಸಲಾ. ವರ್ಷವನ್ನು ತುಂಡು ಮಾಡಿದರೆ ಫಸ್ಲ್, ಅಂದರೆ ಋತು. ನಮ್ಮಲ್ಲಿ ಅದು ಋತುವಿನಲ್ಲಿ ಬರುವ ಬೆಳೆಯಾಗಿ ಫಸಲು ಆಯಿತು. ಪುಸ್ತಕದ ಅಧ್ಯಾಯಕ್ಕೂ ಫಸ್ಲ್, ಕೈಕಾಲಿನ ಕೀಲಿಗೆ ಮಫ್ಸಿಲ್, ವಾಕ್ಯದೊಳಗಿನ ಅಲ್ಪವಿರಾಮಕ್ಕೆ ಫಾಸಿಲಾ. ದಿನಕ್ಕೆ ಸಾವಿರ ಕಾಮಾ ಹೊಡೆಯುವ ನನಗೆ ಈ ಕೊನೆಯದು ಭಾರೀ ಖುಷಿ ಕೊಟ್ಟಿತು. ಒಂದು ಸಂಜೆಗೆ ಆರು ಪದ, ಒಂದನ್ನೂ ಬಾಯಿಪಾಠ ಮಾಡಿರಲಿಲ್ಲ. ಮರುದಿನ ಬೆಳಗ್ಗೆ ಆರೂ ಇದ್ದವು.

ಹಳೇ ನೋಟ್‌ಬುಕ್ಕನ್ನು ಅಟ್ಟಕ್ಕೆ ಎಸೆದೆ. ಇನ್ನೂರು ಪುಟದ ಲಾಂಗ್ ಬುಕ್ ತಂದು, ಒಂದು ಬೇರಿಗೆ ಒಂದು ಪುಟ ಅಂತ ಮಾಡಿದೆ. ಮೇಲೆ ಮೂರು ಅಕ್ಷರ. ಎಡಗಡೆ ನಮ್ಮ ಕನ್ನಡದಲ್ಲಿ ಆಗಲೇ ಇರುವ ಪದ, ಬಲಗಡೆ ಅರಬಿಯಲ್ಲಿ ಈಗ ಬಳಸುವ ಪದ, ಕೆಳಗೆ ಅರ್ಥ ಎಲ್ಲಿ ಹೇಗೆ ಹೊರಳಿತು ಅನ್ನುವ ಒಂದು ಸಾಲು. ಎಡಗಡೆ ಖಾಲಿ ಇದ್ದರೆ ಆ ಬೇರನ್ನು ಸದ್ಯಕ್ಕೆ ಬಿಡುವುದು. ಈ ನಿಯಮ ನನ್ನದೇ, ಮಾಸ್ತರ್ರಿಗೆ ಅಷ್ಟು ಇಷ್ಟವಿರಲಿಲ್ಲ.

ಬೇರಿನಷ್ಟೇ ಮುಖ್ಯವಾದದ್ದು ಅಚ್ಚು. ಮಾಸ್ತರ್ರು ಅದಕ್ಕೆ ವಜನ್ ಅನ್ನುತ್ತಿದ್ದರು, ತೂಕ ಅಂತ. (ನಮ್ಮ ವಜನು ಬಂದದ್ದೂ ಅದರಿಂದಲೇ.) ಚಕ್ಕಲಿ ಒತ್ತುವಾಗ ಹಿಟ್ಟು ಅದೇ ಇರುತ್ತದೆ, ಕೆಳಗಿನ ಬಿಲ್ಲೆ ಬದಲಿಸಿದರೆ ಶೇವು ಬೀಳುತ್ತದೆ, ಹಾಗೆ. ಮೊದಲ ಅಕ್ಷರವನ್ನು 'ಆ' ಅಂತ ಎಳೆದರೆ ಕೆಲಸ ಮಾಡುವವನು: ಮಾಲಿಕ್, ವಾರಿಸ್, ದಾಮಿನ್. ನಮ್ಮ ಬಾಯಲ್ಲಿ ಮಾಲೀಕ, ವಾರಸ, ಜಾಮೀನು. 'ಮ' ಮುಂದೆ ಬಂದು ಕೊನೆಯಲ್ಲಿ 'ಊ' ಎಳೆದರೆ ಆದದ್ದು, ಮಾಡಲ್ಪಟ್ಟದ್ದು: ಮಂಜೂರು, ಮಹಸೂಲು, ಮಾಮೂಲು, ಹಳೇ ಪತ್ರಗಳಲ್ಲಿ ಬರುವ ಮಜಕೂರು. 'ತ' ಮುಂದೆ, 'ಈ' ನಡುವೆ ಬಂದರೆ ಮಾಡಿಸುವ ಕ್ರಿಯೆ: ತಪಶೀಲು, ತಹಶೀಲು, ತಾಕೀದು, ತಾಲೀಮು. ಗರಡಿಮನೆಗೆ ನಮ್ಮ ಕಡೆ ತಾಲೀಮು ಅನ್ನುತ್ತಾರಲ್ಲ, ಅರಬಿಯಲ್ಲಿ ತಅಲೀಮ್ ಅಂದರೆ ಕಲಿಸುವುದು, ಶಿಕ್ಷಣ. ಪೈಲವಾನರು ಇಷ್ಟು ವರ್ಷ ಶಿಕ್ಷಣ ಇಲಾಖೆಯಲ್ಲಿದ್ದರು ಅಂತಾಯಿತು.

ಬೇರು ಗೊತ್ತು, ಅಚ್ಚು ಗೊತ್ತು ಅಂದರೆ ಕೇಳದ ಪದದ ಅರ್ಥವನ್ನೂ ಅಂದಾಜು ಮಾಡಬಹುದು. ಅದು ನಿಜ ಅಂತ ಗೊತ್ತಾದದ್ದು ಎರಡನೇ ತಿಂಗಳಲ್ಲಿ. ತಮ್ಮ ಒಂದು ದೊಡ್ಡ ಕಟ್ಟಡದ ಎರಡು ಬಾಗಿಲ ಫೋಟೋ ಕಳಿಸಿದ. ಒಂದರ ಮೇಲೆ ಮದ್‌ಖಲ್, ಇನ್ನೊಂದರ ಮೇಲೆ ಮಖ್ರಜ್. ಎರಡೂ ಪದ ನಾನು ಕಲಿತಿರಲಿಲ್ಲ. ಆದರೆ ಮುಂದಿನ 'ಮ' ತೆಗೆದರೆ ಒಂದರಲ್ಲಿ ದ-ಖ-ಲ, ದಾಖಲೆ. ಇನ್ನೊಂದರಲ್ಲಿ ಖ-ರ-ಜ, ಖರ್ಚು. ದಾಖಲು ಅಂದರೆ ಒಳಗೆ ಬಂದದ್ದು, ಖರ್ಚು ಅಂದರೆ ಕೈಯಿಂದ ಹೊರಗೆ ಹೋದದ್ದು. 'ಮ' ಸೇರಿದ್ದರಿಂದ ಜಾಗ. ಮಸೀದಿ, ಮದರಸಾ ಇದ್ದ ಹಾಗೆ. 'ಎಡಕ್ಕ ಒಳಗ ಹೋಗು, ಬಲಕ್ಕ ಹೊರಗ ಬಾ' ಅಂತ ಬರೆದು ಕಳಿಸಿದೆ. ಐದು ನಿಮಿಷ ಅವನಿಂದ ಉತ್ತರವಿಲ್ಲ. ಆಮೇಲೆ ಫೋನೇ ಬಂತು.

ಆ ಖುಷಿಯಲ್ಲಿ ಸ್ವಲ್ಪ ಹಾರಾಡಿದೆ. ಕಂಡ ಪದಕ್ಕೆಲ್ಲ ಬೇರು ಹಚ್ಚಲು ಶುರು ಮಾಡಿದೆ. ಒಂದು ಗುರುವಾರ ಕ-ರ-ರ ಅನ್ನುವ ಪುಟ ಮಾಡಿ ಕರಾರು, ಇಕರಾರು, ತಕರಾರು ಮೂರನ್ನೂ ಅದರಲ್ಲಿ ಬರೆದು, ಕೆಳಗೆ 'ಕರಾರು ಮುರಿದರೆ ತಕರಾರು' ಅಂತ ನನ್ನದೇ ವಿವರಣೆ ಹಾಕಿದ್ದೆ. ಮಾಸ್ತರ್ರು ಓದಿ ಚಹಾ ಕಪ್ಪು ಕೆಳಗಿಟ್ಟು ನಕ್ಕರು.

'ಛಂದ ಅದ. ಖರೇ ಅಲ್ಲ.'

ಅರಬಿಯಲ್ಲಿ ಎರಡು 'ಕ' ಇವೆ. ಒಂದು ನಮ್ಮ ಕ. ಇನ್ನೊಂದು ಗಂಟಲ ಹಿಂದಿನಿಂದ ಬರುವ ಗಡಸು ಕ. ಕರಾರು, ಇಕರಾರು ಎರಡೂ ಗಡಸು ಕ. ಅದರ ಬೇರಿಗೆ ನೆಲೆ ನಿಲ್ಲುವುದು ಅಂತ ಅರ್ಥ. ತಕರಾರಿನಲ್ಲಿ ಇರುವುದು ನಮ್ಮ ಸಾದಾ ಕ. ಅದರ ಬೇರಿಗೆ ಮತ್ತೆ ಮತ್ತೆ ಮಾಡುವುದು ಅಂತ ಅರ್ಥ. ಮುಷಾಯಿರಾದಲ್ಲಿ, ಅಂದರೆ ಉರ್ದು ಕವಿಗೋಷ್ಠಿಯಲ್ಲಿ, ಒಳ್ಳೇ ಸಾಲು ಬಂದಾಗ 'ಮುಕರ್ರರ್' ಅಂತ ಕೂಗುತ್ತಾರಲ್ಲ, ಇನ್ನೊಮ್ಮೆ ಹೇಳಿ ಅಂತ, ಅದು ಈ ಬೇರು. 'ಕರಾರು ಅಂದ್ರ ಒಂದ ಮಾತಿಗೆ ನಿಲ್ಲೋದು. ತಕರಾರು ಅಂದ್ರ ಹೇಳಿದ್ದ ಹೇಳೋದು. ನಿನ್ನ ಅಂಗಡಿ ಬೆಂಚಿನ ಮ್ಯಾಲೆ ಕೂಡ್ತಾರಲ್ಲ, ಎರಡನೇ ಮಂದೀನ ಜಾಸ್ತಿ' ಅಂದರು.

ಅವತ್ತಿಂದ ಗೊತ್ತಾಯಿತು, ಕನ್ನಡ ನನಗೆ ಎಷ್ಟು ಸಹಾಯ ಮಾಡುತ್ತದೋ ಅಷ್ಟೇ ಮೋಸವನ್ನೂ ಮಾಡುತ್ತದೆ. ನಮ್ಮ 'ಜ' ಒಂದನ್ನೇ ನೋಡಿ. ಜಮಾ, ಇಜ್ಜತ್ತು, ಮಜಕೂರು, ನಜರು, ಹಾಜರು. ನಮಗೆ ಐದೂ ಒಂದೇ ಜ. ಅರಬಿಯಲ್ಲಿ ಐದೂ ಬೇರೆ ಬೇರೆ ಅಕ್ಷರ. ಫಾರಸಿ, ಉರ್ದು ದಾಟಿ ನಮ್ಮ ಹತ್ತಿರ ಬರುವ ಹೊತ್ತಿಗೆ ಎಲ್ಲ ಸವೆದು ಒಂದಾಗಿವೆ. ಹಾಜರಿನ ಜ ಅಲ್ಲಿ ಒಂದು ಭಾರವಾದ ದ. ರಮ್ಜಾನ್ ಅಲ್ಲಿ ರಮದಾನ್ ಆಗುವುದು, ಖಾಜಿ ಕಾದೀ ಆಗುವುದು ಇದಕ್ಕೇ. ತಮ್ಮನೂ ಹೇಳಿದ, ಅಲ್ಲಿ ಕೆಲಸ ಹೇಳಿದರೆ ಕೆಲವರು 'ಹಾದಿರ್' ಅಂತಾರೆ, 'ಆಯ್ತು ಸಾಹೇಬ್ರೇ' ಅನ್ನುವ ಹಾಗೆ. ಇದು ತಿಳಿದ ಮೇಲೆ ಇನ್ನೊಂದು ಗಂಟು ಬಿಚ್ಚಿತು. ಪೊಲೀಸರ ಮಹಜರು ನೂರಾರು ಟೈಪ್ ಮಾಡಿದ್ದೇನೆ, ಹಾಜರು ಅನ್ನುವುದು ದಿನಕ್ಕೆ ಐವತ್ತು ಸಲ. ಎರಡೂ ಅಕ್ಕತಂಗಿಯರು ಅಂತ ಹೊಳೆದೇ ಇರಲಿಲ್ಲ. ಮಹದರ್ ಅಂದರೆ ಅರಬಿಯಲ್ಲಿ ನಡೆದದ್ದನ್ನು ಬರೆದಿಟ್ಟ ಕಾಗದ. ಪಂಚರು ಹಾಜರಿದ್ದು ಬರೆಸಿದ್ದು ಮಹಜರು. ಹುಜೂರ್ ಕೂಡ ಅದೇ ಮನೆಯವರು.

ಇನ್ನೊಂದು ಮೋಸ ಫಾರಸಿ. ಜಾಮೀನು ಬಂತಲ್ಲ ಅಂತ ಜಮೀನನ್ನೂ ಅದೇ ಪುಟಕ್ಕೆ ಹಾಕಿದ್ದೆ, ಜಮೀನು ಇದ್ದವನೇ ಜಾಮೀನು ಕೊಡುವುದು ಅಂತ. ಜಮೀನು ಅರಬಿಯೇ ಅಲ್ಲ, ಫಾರಸಿ. ದಸ್ತಾವೇಜು, ಬಂದೋಬಸ್ತು, ಸರಕಾರ ಎಲ್ಲ ಫಾರಸಿ. ತಹಶೀಲ್ದಾರರ ತಲೆ ಅರಬಿ, ಬಾಲ ಫಾರಸಿ. ಹೀಗೆ ಕಥೆ ಕಟ್ಟುವ ಚಾಳಿಗೆ ಮಾಸ್ತರ್ರು ಕಡಿವಾಣ ಹಾಕಿದರು. ನಿಘಂಟಿನಲ್ಲಿ ನೋಡದೆ ಯಾವ ಪದವನ್ನೂ ಪುಟಕ್ಕೆ ಏರಿಸಬಾರದು ಅಂತ.

ನಿಘಂಟು ಅಂದರೆ ಹಾನ್ಸ್ ವೇರ್ ಅವರದು. ಅರಬಿಯಿಂದ ಇಂಗ್ಲಿಷಿಗೆ. ಮಾಸ್ತರ್ರ ಪ್ರತಿಯ ರಟ್ಟು ಕಿತ್ತು ಹೋಗಿ, ಬಟ್ಟೆಯ ಟೇಪು ಹಚ್ಚಿದ್ದಾರೆ. ಅದರಲ್ಲಿ ಪದಗಳು ಮೊದಲ ಅಕ್ಷರದ ಪ್ರಕಾರ ಇಲ್ಲ, ಬೇರಿನ ಪ್ರಕಾರ ಇವೆ. ಬೇರು ಗೊತ್ತಿಲ್ಲದವರು ಬಾಗಿಲಲ್ಲೇ ನಿಲ್ಲಬೇಕು. ನಾನು ಮೊದಲು ಹುಡುಕಿದ್ದು ಇಸ್ತಿಕ್ಬಾಲ್. ತಮ್ಮನ ಕಂಪನಿಯ ರಿಸೆಪ್ಷನ್ ಮೇಜಿನ ಮೇಲೆ ಬರೆದಿತ್ತಂತೆ. ಕಾಲು ಗಂಟೆ ಮೊದಲ ಅಕ್ಷರ ಅಲಿಫ್ ಕೆಳಗೆ ಹುಡುಕಿದೆ. ಸಿಗಲಿಲ್ಲ. ಮುಂದಿನ 'ಇಸ್ತ್' ಬರೀ ಅಂಗಿ, ಅದನ್ನು ಬಿಚ್ಚಬೇಕು. ಆಮೇಲೆ ಉಳಿಯುವುದು ಕ-ಬ-ಲ, ನಮ್ಮ ಕಬೂಲಿನ ಬೇರು. ಎದುರಾಗುವುದು, ಎದುರುಗೊಳ್ಳುವುದು ಅಂತ ಅದರ ಹೊಟ್ಟೆಯೊಳಗಿನ ಅರ್ಥ. ಬಂದವರನ್ನು ಎದುರುಗೊಳ್ಳುವುದು ಇಸ್ತಿಕ್ಬಾಲ್. ನಮಾಜಿಗೆ ಮುಖ ಮಾಡುವ ದಿಕ್ಕು ಕಿಬ್ಲಾ. ನಮಗೆ ಎದುರಾಗಿ ಬರುತ್ತಿರುವ ಕಾಲ ಮುಸ್ತಕ್ಬಲ್, ಭವಿಷ್ಯ. ಕೆಲಸದ ಇಂಟರ್‌ವ್ಯೂಗೆ ಮುಕಾಬಲಾ ಅನ್ನುತ್ತಾರೆ. ತಮ್ಮ ಒಮ್ಮೆ 'ನಾಳೆ ಮುಕಾಬಲಾ ಐತಿ' ಅಂತ ಮೆಸೇಜು ಹಾಕಿದಾಗ ಮನೆಯಲ್ಲಿ ಅವ್ವ ಯಾರ ಜೊತೆ ಜಗಳ ಅಂತ ಊಟ ಬಿಟ್ಟಿದ್ದಳು.

ನಿಜಕ್ಕೂ ತಲೆ ಕೆಡಿಸಿದ್ದು ಬೇರಿನೊಳಗೆ 'ವ', 'ಯ' ಇರುವ ಪದಗಳು. ಇವು ನಿಂತ ಜಾಗದಲ್ಲಿ ನಿಲ್ಲುವುದಿಲ್ಲ. ಕ-ವ-ಮ ಅಂತ ಒಂದು ಬೇರು, ನಿಲ್ಲುವುದು ಅಂತ ಅರ್ಥ. ಅದರ 'ವ' ಒಂದು ಕಡೆ 'ಆ' ಆಗುತ್ತದೆ, ಇನ್ನೊಂದು ಕಡೆ 'ಯ' ಆಗುತ್ತದೆ, ಮತ್ತೊಂದು ಕಡೆ ಕಾಣೆಯೇ ಆಗುತ್ತದೆ. ಮೂರು ವಾರ ಇದರಲ್ಲೇ ಒದ್ದಾಡಿದೆ. ಬಿಡೋಣ ಅನ್ನಿಸಿತ್ತು. ಕೊನೆಗೆ ದಾರಿ ತೋರಿಸಿದ್ದು ಇಕಾಮಾ. ಗಲ್ಫಿಗೆ ಒಬ್ಬರಾದರೂ ಹೋದ ಮನೆಯಲ್ಲಿ ಈ ಪದ ಗೊತ್ತಿರುತ್ತದೆ, ಅಲ್ವಾ? ಅಲ್ಲಿ ಇರಲು ಕೊಡುವ ಕಾರ್ಡು. ಅದಕ್ಕಾಗಿ ಕಾದದ್ದು, ರಿನ್ಯೂವಲ್ ಆಗದೆ ಅತ್ತದ್ದು ಎಲ್ಲ ನಮ್ಮ ಮನೆಯಲ್ಲೂ ಆಗಿದೆ. ಇಕಾಮಾ ಅಂದರೆ ನಿಲ್ಲುವಿಕೆ, ವಾಸ. ಒಂದೇ ಕಡೆ ನಿಂತದ್ದು ಕಾಯಂ. ನಿಲ್ಲುವ ಜಾಗ ಮುಕ್ಕಾಂ. 'ಮುಕ್ಕಾಂ ಪೋಸ್ಟ್' ಅಂತ ವಿಳಾಸದಲ್ಲಿ ಸಾವಿರ ಸಲ ಹೊಡೆದಿದ್ದೇನೆ. ಮೂರೂ ಪದಗಳನ್ನು ಒಂದರ ಕೆಳಗೊಂದು ಬರೆದು ನೋಡಿದಾಗ ಆ ಕಳ್ಳ 'ವ' ಎಲ್ಲೆಲ್ಲಿ ವೇಷ ಬದಲಿಸಿದೆ ಅಂತ ಕಂಡಿತು. ಆಮೇಲಿನವು ಸುಲಭವಾದವು ಅಂತ ಹೇಳಲಾರೆ, ಭಯ ಹೋಯಿತು ಅಷ್ಟೆ.

ಬೇರು ಒಂದೇ ಆದರೂ ಅರ್ಥ ಊರೂರು ತಿರುಗಿ ಬಂದಿರುತ್ತದೆ. ಮಾಸ್ತರ್ರ ಮುಂದೆ ಒಮ್ಮೆ ನನ್ನ ಅರಬಿ ತೋರಿಸಲು ಹೋಗಿ 'ನಾನು ಬಡವಿ' ಅನ್ನಲು 'ಅನಾ ಗರೀಬಾ' ಅಂದೆ. 'ಹೌದು, ನೀ ವಿಚಿತ್ರ ಹೆಣ್ಣಮಗಳು ಅದೀ' ಅಂದರು. ಅರಬಿಯಲ್ಲಿ ಗರೀಬ್ ಅಂದರೆ ಪರದೇಶಿ, ವಿಚಿತ್ರ. ಸೂರ್ಯ ಮುಳುಗುವ ದಿಕ್ಕಿಗೆ ಮಗ್ರಿಬ್ ಅನ್ನುವುದೂ ಅದೇ ಬೇರಿನಿಂದ. ಪರವೂರಿಗೆ ಹೋದವನ ಕೈ ಖಾಲಿ ಅಂತ ನಮ್ಮಲ್ಲಿ ಗರೀಬ ಬಡವನಾದನೋ ಏನೋ, ಇದು ಮತ್ತೆ ನನ್ನ ಕಥೆ, ಪುಟಕ್ಕೆ ಏರಿಸಿಲ್ಲ. ಜಿಲ್ಲೆಯದು ಇನ್ನೂ ಮಜಾ. ಅರಬಿಯಲ್ಲಿ ದಿಲ್ಅ್ ಅಂದರೆ ಪಕ್ಕೆಲುಬು, ಬದಿ. ವಿಜಯಪುರ ಒಂದು ಪಕ್ಕೆಲುಬು. ರೈತ ಅನ್ನುವುದು ರಅಇಯ್ಯಾ, ಯಾರೋ ಕಾಯಬೇಕಾದ ಮಂದೆ, ಪ್ರಜೆಗಳು. ರಿಯಾಯಿತಿ ಅಂದರೆ ಆ ಕಾಳಜಿ. ಕುರಿ ಕಾಯುವವನು ರಾಈ. ಒಂದೇ ಬೇರಿನಲ್ಲಿ ರೈತನೂ ರಿಯಾಯಿತಿಯೂ ಇದ್ದಾರೆ ಅಂತ ಅಂಗಡಿಗೆ ಬಂದ ಒಬ್ಬ ಯಜಮಾನರಿಗೆ ಹೇಳಿದೆ. 'ಬೇರಿನ್ಯಾಗ ಅಷ್ಟ ಐತಿ ಬಿಡವ್ವಾ' ಅಂದರು.

ಈದ್ ಹಬ್ಬಕ್ಕೆ ತಮ್ಮನ ಸೂಪರ್‌ವೈಜರ್ ಎಲ್ಲರಿಗೂ ಖರ್ಜೂರ ತುಂಬಿದ ಬಿಸ್ಕತ್ತು ಹಂಚಿದರಂತೆ. ಅದರ ಹೆಸರು ಮಅಮೂಲ್. ನಮ್ಮ ಮಾಮೂಲೇ. ಅ-ಮ-ಲ ಬೇರು, ಮಾಡುವುದು ಅಂತ ಅರ್ಥ, ಮಾಡಿದ್ದು ಮಾಮೂಲು. ಇಲ್ಲಿ ಅದು ಯಾವಾಗಲೂ ಮಾಡುವಂಥದ್ದಾಗಿ, ಆಮೇಲೆ ಕೈ ಬಿಸಿ ಮಾಡುವಂಥದ್ದೂ ಆಯಿತು. ತಮ್ಮನ ಮೆಸೇಜು: 'ಅಕ್ಕಾ, ಇಲ್ಲಿ ದೊಡ್ಡ ಸಾಹೇಬ್ರು ಮಾಮೂಲು ತಿನ್ನಂಗಿಲ್ಲ, ತಿನಸ್ತಾರ.'

ಕಲಿಯುವಾಗ ಊರೇ ಬೇರೆ ಥರ ಕಾಣತೊಡಗಿತು. ಒಂದು ಭಾನುವಾರ ಮಗಳ ಜೊತೆ ಸುಮ್ನೆ ಸುತ್ತಲು ಹೊರಟೆ. ಉಪ್ಪಲಿ ಬುರುಜು ನೋಡಿ ಅವಳು, 'ದುಬೈದಾಗಿನ ಬುರ್ಜ್ ಖಲೀಫಾ ಇದರ ತಮ್ಮನೇನಮ್ಮಾ?' ಅಂದಳು. ಮಲಿಕ್-ಎ-ಮೈದಾನ್ ತೋಪಿನ ಮೇಲೆ ಕೈಯಿಟ್ಟು ಮ-ಲ-ಕ ಬೇರು ಹೇಳಿಕೊಟ್ಟೆ. ಮಲಿಕ್ ರಾಜ, ಮಾಲಿಕ್ ಒಡೆಯ, ಮುಲ್ಕ್ ರಾಜ್ಯ. ನನ್ನ ಅಪ್ಪ ಏಳನೇ ಕ್ಲಾಸಿನಲ್ಲಿ ಪಾಸಾದ ಮುಲ್ಕಿ ಪರೀಕ್ಷೆ ಇದೇ ಮನೆತನದ್ದು. ಆದಿಲ್‌ಶಾಹಿಯ ಆದಿಲ್ ಅಂದರೆ ನ್ಯಾಯವಂತ. ಅದಕ್ಕೂ ನಮ್ಮ ಕೋರ್ಟಿನ ಲೋಕ ಅದಾಲತ್ತಿಗೂ ಬೇರು ಒಂದೇ.

ಕೊನೆಗೆ ಇಬ್ರಾಹಿಂ ರೋಜಾ. ಅಲ್ಲಿ 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿ ಇದೆ. ರೋಜಾ ಅಂದರೆ ಇಲ್ಲಿ ಉಪವಾಸವೂ ಅಲ್ಲ, ಗುಲಾಬಿಯೂ ಅಲ್ಲ. ಅರಬಿಯ ರೌದಾ, ತೋಟ. ಮತ್ತೆ ಅದೇ ಭಾರದ ದ ನಮ್ಮ ಬಾಯಲ್ಲಿ ಜ ಆಗಿದೆ. ರೌದಾದ ಬಹುವಚನ ರಿಯಾದ್. ತೋಟಗಳು. ಅಲ್ಲೇ ಕಟ್ಟೆಯ ಮೇಲೆ ಕೂತು ತಮ್ಮನಿಗೆ ಫೋನ್ ಮಾಡಿ ಹೇಳಿದೆ. 'ತ್ವಾಟಾ? ಇಲ್ಲಿ ಬಿಸಿಲಿಗೆ ಡಾಂಬರ್ ಕರಗಾಕತ್ತೈತಿ' ಅಂದ. ಅಲ್ಲಿನ ಕಿಟಕಿಗಳ ಕಲ್ಲನ್ನು ಅರಬಿ ಅಕ್ಷರಗಳೇ ಜಾಲರಿಯಾಗುವ ಹಾಗೆ ಕೊರೆದಿದ್ದಾರೆ. ಓದಲು ಬಹಳ ಹೊತ್ತು ನಿಂತೆ. ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡಿವೆ. 'ಅಲ್ಲಾಹ್' ಬಿಟ್ಟರೆ ಒಂದು ಪದವೂ ಬಿಡಿಸಿ ಬರಲಿಲ್ಲ. ಬಾಗಿಲು ಹಾಕುವ ಹೊತ್ತಾಯಿತು ಅಂತ ಕಾವಲುಗಾರ ಕೂಗಿದ.

ಈಗ ಹದಿನಾಲ್ಕು ತಿಂಗಳು. ಲಾಂಗ್ ಬುಕ್ಕಿನಲ್ಲಿ ನೂರಾ ಇಪ್ಪತ್ತು ಪುಟ ತುಂಬಿವೆ. ಮಾಸ್ತರ್ರ ಅಸಮಾಧಾನ ಸರಿಯೇ ಇತ್ತು. ಎಡಗಡೆ ಖಾಲಿ ಇದ್ದ ಬೇರುಗಳನ್ನು ಬಿಟ್ಟೆನಲ್ಲ, ಅದರ ಫಲ ಈಗ ಉಣ್ಣುತ್ತಿದ್ದೇನೆ. ನನ್ನದು ಕಚೇರಿಯ ಅರಬಿ. ಮಹಜರು, ಜಾಮೀನು, ಮುಕ್ಕಾಂ ಎಲ್ಲ ಬರುತ್ತದೆ, ಒಂದು ಕಿಲೋ ಬದನೆಕಾಯಿ ಕೇಳಲು ಬರುವುದಿಲ್ಲ. ಅಡುಗೆಮನೆಯಲ್ಲಿ ಶರಬತ್ತು, ಹಲ್ವಾ ಎರಡು ಸಿಕ್ಕವು. ಶರಬತ್ತಿನ ಬೇರಿಗೆ ಕುಡಿಯುವುದು ಅಂತ, ಶರಾಬೂ ಅದರ ತಮ್ಮನೇ. ಹಾಲು, ಉಪ್ಪು, ರೊಟ್ಟಿಗೆ ಹಳೇ ನೋಟ್‌ಬುಕ್ಕನ್ನು ಅಟ್ಟದಿಂದ ಇಳಿಸಿ ಬಾಯಿಪಾಠ ಮಾಡುತ್ತಿದ್ದೇನೆ. ಆದರೆ ಮೊಹರಮ್ಮಿನಲ್ಲಿ ನಮ್ಮ ಅಜ್ಜ ಹಾಡುತ್ತಿದ್ದ ರಿವಾಯತ ಪದದ ಬೇರು ಸಿಕ್ಕ ದಿನ ಮಾತ್ರ ಅಂಗಡಿ ಬೇಗ ಮುಚ್ಚಿದೆ. ರ-ವ-ಯ. ಒಬ್ಬರಿಂದ ಒಬ್ಬರಿಗೆ ಹೇಳುತ್ತಾ ಬರುವುದು ಅಂತ ಒಂದು ಅರ್ಥ. ಬಾಯಾರಿದವರು ನೀರು ಕುಡಿದು ತಣಿಯುವುದು ಅಂತ ಇನ್ನೊಂದು. ನಿಘಂಟಿನಲ್ಲಿ ಎರಡೂ ಒಂದೇ ಪುಟದಲ್ಲಿವೆ.

ಹೋದ ತಿಂಗಳು ತಮ್ಮ ರಜೆಗೆ ಬಂದು ವಾಪಸು ಹೋದ. ಅವತ್ತು ನಾನು ಅಂಗಡಿಯಲ್ಲಿ ಒಂದು ಸೊಸೈಟಿಯ ಸಾಲ ವಸೂಲಿ ನೋಟಿಸು ಟೈಪ್ ಮಾಡುತ್ತಿದ್ದೆ. ಮೊಬೈಲು ಗುಂಯ್ ಅಂದಿತು. ರಿಯಾದ್ ವಿಮಾನ ನಿಲ್ದಾಣದ ಬೋರ್ಡಿನ ಫೋಟೋ, ಕೆಳಗೆ 'ಅಕ್ಕಾ, ಇದೇನು ಹೇಳು'. ವುಸೂಲ್ ಅಂತ ಬರೆದಿತ್ತು. ವ-ಸ-ಲ. ವಸೂಲಿ ಅಂದರೆ ರೊಕ್ಕ ಮುಟ್ಟಿದ್ದು. ನಮ್ಮ ಕಡೆ ರೊಕ್ಕವೂ ಮುಟ್ಟುತ್ತದೆ, ಊರಿಗೆ ಹೋದ ಮನುಷ್ಯನೂ ಮುಟ್ಟುತ್ತಾನೆ.

'ಮುಟ್ಟಿದಿ ಅಂತ ಬರದಾರ' ಅಂತ ಕಳಿಸಿದೆ.

'ಹೂಂ, ಮುಟ್ಟೀನಿ. ಅವ್ವಗ ಹೇಳು.'